ಡಾಕ್ಟರ ಹೆಸರು ಬಿಟ್ಟು ನೋಡಿದ ಮಳೆಗಾಲ

ಹೋದ ತಿಂಗಳು ರಾಣೆಬೆನ್ನೂರಿಗೆ ಹೊರಟಿದ್ದ ಬಸ್ಸು ಹರಿಹರದ ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಕಿಟಕಿ ತೆರೆದಿದ್ದರಿಂದ ಹೊಳೆಯ ವಾಸನೆ ಒಳಗೆ ಬಂತು. ತುಂಗಭದ್ರೆ ಏರಿದಾಗ ಮಾತ್ರ ಬರುವ ವಾಸನೆ. ಕೆಮ್ಮಣ್ಣಿನದು, ಕೊಳೆತ ಸೊಪ್ಪಿನದು, ಎಲ್ಲೋ ಮೇಲಿನ ಊರಿಂದ ತೇಲಿ ಬಂದ ಕಟ್ಟಿಗೆಯದು. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ಆ ಒಂದು ಮಳೆಗಾಲ ಪೂರ್ತಿ ನೆನಪಾಯಿತು.

ಆಗ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿದ್ದ ಒಂದು ಲ್ಯಾಬಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ವಿದ್ಯಾನಗರದ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ರಕ್ತ, ಮೂತ್ರದ ಪರೀಕ್ಷೆ ಎಲ್ಲ ಕಡೆಯ ಹಾಗೆ ಅಲ್ಲೂ ನಡೆಯುತ್ತಿತ್ತು. ಆದರೆ ಲ್ಯಾಬಿಗೆ ಹೆಸರು ಬಂದದ್ದು ಬಯಾಪ್ಸಿಯಿಂದ. ಆಸ್ಪತ್ರೆಗಳಲ್ಲಿ ಗಂಟಿನಿಂದಲೋ ಹುಣ್ಣಿನಿಂದಲೋ ತೆಗೆದು ಕಳಿಸಿದ ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಅದು ಕ್ಯಾನ್ಸರೋ ಅಲ್ಲವೋ ಎಂದು ಹೇಳುವ ಕೆಲಸ. ಹೇಳುತ್ತಿದ್ದವರು ಡಾಕ್ಟರ್ ಚಂದ್ರಶೇಖರಪ್ಪ. ಸುತ್ತಲಿನ ಸರ್ಜನ್‌ಗಳೆಲ್ಲ ಅವರ ಒಂದು ಸಾಲಿಗೆ ಕಾಯುತ್ತಿದ್ದರು. ಎತ್ತರದ ಮನುಷ್ಯ, ಹಣೆಯ ಮೇಲೆ ತೆಳುವಾದ ವಿಭೂತಿ, ಮೆಲು ದನಿ. ಕೆಲಸದವರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಲ್ಯಾಬಿನ ಆಡಳಿತ ನೋಡುತ್ತಿದ್ದವರು ಅವರ ಹೆಂಡತಿ ಗಿರಿಜಮ್ಮ. ಹರಿಹರದಲ್ಲಿ ಹೊಳೆಗೆ ಹತ್ತಿರವೇ ನಮ್ಮದೊಂದು ಶಾಖೆಯಿತ್ತು. ಅಲ್ಲಿ ರೆಹಾನಾ ಎಂಬ ಟೆಕ್ನಿಷಿಯನ್ ಇದ್ದಳು. ಡಾಕ್ಟರು ವಾರದಲ್ಲಿ ಕೆಲವು ಮಧ್ಯಾಹ್ನ ಅಲ್ಲಿಗೆ ಹೋಗಿ ಕೂತು, ಗಾಜು ನೋಡಿ ಹೇಳುತ್ತಿದ್ದರು, ಅವಳು ಟೈಪ್ ಮಾಡುತ್ತಿದ್ದಳು. ಎರಡೂ ಕಡೆಯ ವರದಿಗಳು ದಾವಣಗೆರೆಯ ಒಂದೇ ಸರ್ವರಿನಲ್ಲಿ ಸೇರುತ್ತಿದ್ದವು. ಯಾರು ಯಾವ ಊರಲ್ಲಿ ಪ್ರತಿ ಕೇಳಿದರೂ ಅಲ್ಲಿಂದಲೇ ತೆಗೆದು ಪ್ರಿಂಟ್ ಕೊಡುತ್ತಿದ್ದೆವು. ಡಾಕ್ಟರ ಸಹಿಯೂ ಅದರಲ್ಲೇ ಅಚ್ಚಾಗಿ ಬರುತ್ತಿತ್ತು.

ಆ ವರ್ಷ ಮಳೆ ಬೇಗ ಹಿಡಿದುಕೊಂಡಿತ್ತು. ಅಂಥ ಒಂದು ಬೆಳಿಗ್ಗೆ ಲೋಕಿಕೆರೆಯಿಂದ ಒಬ್ಬಾತ ಬಂದ. ಅವನಕ್ಕ ಹಾಲಮ್ಮ ಎಂಬಾಕೆಗೆ ಕುತ್ತಿಗೆಯಲ್ಲಿ ಗಂಟಾಗಿ, ಅದರ ಚೂರು ನಮ್ಮಲ್ಲಿಗೆ ಬಂದಿತ್ತು. ತೊಯ್ದ ಪ್ಲಾಸ್ಟಿಕ್ ಕವರಿನಿಂದ ಎರಡು ಹಾಳೆ ತೆಗೆದು ಕೌಂಟರಿನ ಮೇಲಿಟ್ಟ.

"ಇದು ನಮ್ಮಕ್ಕಂದು. ಇದೂ ನಮ್ಮಕ್ಕಂದೇ. ಮೊದ್ಲು ಕೊಟ್ಟಿದ್ದು ಎಲ್ಲೋ ಇಟ್ಟು ಸಿಗ್ಲಿಲ್ಲ ಅಂತ ಇನ್ನೊಂದು ಇಸ್ಕಂಡು ಹೋಗಿದ್ದೆ. ಆಮೇಲೆ ಅದೂ ಸಿಕ್ತು. ಔಷಧಿ ಅಂಗಡಿಯೋರು ಎರಡೂ ಓದಿದ್ರು. ಒಂದ್ರಾಗೆ ಕ್ಯಾನ್ಸರ್ ಇಲ್ಲ ಅಂತೈತಂತೆ, ಒಂದ್ರಾಗೆ ಐತೆ ಅಂತೈತಂತೆ. ಆಪರೇಷನ್ ನಾಡಿದ್ದು ಐತೆ. ಯಾವುದನ್ನ ನಂಬಾಣ ಹೇಳ್ರಿ."

ಅವನು ಜಗಳಕ್ಕೆ ಬಂದಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಹೆಸರು ಒಂದೇ, ವಯಸ್ಸು ಒಂದೇ, ಸಹಿ ಒಂದೇ. ಒಳಗಿನ ಮಾತು ಮಾತ್ರ ಬೇರೆ. ಗಿರಿಜಮ್ಮ ಎರಡೂ ಹಾಳೆ ಹಿಡಿದು ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ಹಾಲಮ್ಮನ ಗಾಜನ್ನು ಹುಡುಕಿಸಿ ಮತ್ತೆ ನೋಡಿದರು. ತಲೆಯೆತ್ತಿ, "ಮೊದಲ್ನೇದು ಸರಿ. ಕ್ಯಾನ್ಸರ್ ಇಲ್ಲ. ಆಪರೇಷನ್ ನಿಲ್ಸಿ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದರು. ಎರಡನೆಯದನ್ನು ಬೆಳಕಿಗೆ ಹಿಡಿದು ಓದಿ, "ಇದು ನಾನು ಬರೆದದ್ದಲ್ಲ" ಎಂದರು. ಅವರು ಹಾಗೆ ಹೇಳಿದ ಮೇಲೆ ಬೇರೆ ಮಾತೇ ಇರಲಿಲ್ಲ. ಯಾರೋ ಒಳಗೆ ಬಂದು ಬದಲಿಸಿದ್ದಾರೆ ಎಂದೇ ಎಲ್ಲರೂ ತಿಳಿದೆವು.

ಅವತ್ತು ಮಧ್ಯಾಹ್ನ ಗಿರಿಜಮ್ಮ ನನ್ನನ್ನು ಕರೆದು ಬಾಗಿಲು ಹಾಕಿದರು.

"ಕೂಡವಾ ವಾಣಿ. ಯಾರು ಮಾಡ್ಯಾರೆ ಅಂತ ಕಂಡುಹಿಡಿಯಾಕೆ ಆಗ್ತೈತೇನು?"

ಆಗಿಹೋದದ್ದನ್ನು ಹಿಡಿಯಲು ಆಗುವುದಿಲ್ಲ, ಇನ್ನು ಮುಂದಿನದನ್ನು ಹಿಡಿಯಬಹುದು ಎಂದೆ. ಯಾರು ಯಾವ ಕಂಪ್ಯೂಟರಿನಿಂದ ಸರ್ವರಿನೊಳಗೆ ಬಂದರು, ಯಾವ ಫೈಲ್ ತೆರೆದರು, ಯಾವುದನ್ನು ಬದಲಿಸಿ ಉಳಿಸಿದರು ಎನ್ನುವುದನ್ನು ಸರ್ವರೇ ಬರೆದಿಡುವ ಹಾಗೆ ಮಾಡಬಹುದು. ಬದಲಾಗುವ ಮುಂಚಿನ ಪ್ರತಿಯನ್ನೂ ಎತ್ತಿಟ್ಟುಕೊಳ್ಳಬಹುದು. ಅದಕ್ಕೆ ಲಾಗ್ ಅನ್ನುತ್ತೇವೆ. ನಮ್ಮಲ್ಲಿ ಅದನ್ನು ಯಾರೂ ಹಾಕಿಸಿರಲಿಲ್ಲ.

"ಹಾಕು. ಯಾರಿಗೂ ಹೇಳಬ್ಯಾಡ," ಎಂದರು. ನಾನು ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಸಾಹೇಬ್ರ ಹೆಸರು ಬಿಟ್ಟು ನೋಡು. ಅವರ ರಿಪೋರ್ಟ್ ಅವರು ದಿನಾ ತಿದ್ದುತಿರ್ತಾರೆ, ಅದನ್ನೆಲ್ಲ ನೋಡ್ತಾ ಕೂತ್ರೆ ನಿಂಗೆ ತಲೆ ಕೆಡ್ತೈತೆ."

ಮಾತು ಸರಿಯಾಗಿಯೇ ಇತ್ತು. ಸರ್ವರ್ ಅವರದನ್ನೂ ಬರೆದಿಡುತ್ತಿತ್ತು, ನಾನು ನೋಡುವ ಪಟ್ಟಿಯಿಂದ ಮಾತ್ರ ಅವರ ಹೆಸರು ಬಿಟ್ಟೆ.

ಬೇರೆಯವರಿಗೆ ಗೊತ್ತಿಲ್ಲದೆ ಅವರ ದಿನವನ್ನು ನೋಡುವುದು ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಸ್ಕೂಟರ್ ನಿಲ್ಲಿಸಿ, ಮಳೆಯ ಕೋಟು ತೂಗುಹಾಕಿ, ಮೊದಲು ಲಾಗ್ ತೆರೆಯುತ್ತಿದ್ದೆ. ಯಾರು ತಡವಾಗಿ ಬಂದು ಇನ್ನೊಬ್ಬರಿಂದ ಕಂಪ್ಯೂಟರ್ ಹಚ್ಚಿಸುತ್ತಾರೆ ಎಂದು ತಿಳಿಯಿತು. ಮುಂದಿನ ಕೌಂಟರಿನ ಹುಡುಗಿ ಒಂದೇ ಒಂದು ಹಳೆಯ ವರದಿಯನ್ನು ದಿನಾ ತೆರೆದು, ಏನೂ ಮಾಡದೆ ಮುಚ್ಚುತ್ತಿದ್ದಳು. ಇವಳೇ ಇರಬಹುದು ಎಂದು ಆ ಫೈಲ್ ತೆರೆದೆ. ಅದು ಅವಳ ತಾಯಿಯದು. ತಾಯಿ ತೀರಿಕೊಂಡಿದ್ದರು. ಆಮೇಲೆ ಅವಳು ಚಹಾ ತಂದುಕೊಟ್ಟಾಗ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಎಲ್ಲರ ಜೊತೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದೆ, ನಗುತ್ತಿದ್ದೆ, ಆದರೆ ಅವರಲ್ಲಿ ಯಾರೋ ಒಬ್ಬರು ಒಬ್ಬ ಹೆಂಗಸಿನ ಕುತ್ತಿಗೆ ಕುಯ್ಯಿಸಲು ಹೊರಟಿದ್ದರು ಎನ್ನುವುದು ಪ್ರತಿ ತುತ್ತಿಗೂ ನೆನಪಾಗುತ್ತಿತ್ತು.

ಮಳೆ ಜೋರಾಯಿತು. ಹೊಳೆ ಸೇತುವೆಯ ಕಂಬಗಳನ್ನು ಅರ್ಧ ನುಂಗಿದೆ ಎಂದು ಹರಿಹರದಿಂದ ಬರುವವರು ಹೇಳುತ್ತಿದ್ದರು. ಆ ದಿನಗಳಲ್ಲೇ ಬದಲಾದ ಎರಡನೆಯ ವರದಿ ಸಿಕ್ಕಿತು.

ಹರಿಹರದ ಒಬ್ಬ ಲಾರಿ ಡ್ರೈವರನಿಗೆ ಕೆನ್ನೆಯೊಳಗೆ ವಾಸಿಯಾಗದ ಹುಣ್ಣು. ವರದಿಯಲ್ಲಿ ಮೊದಲು ಕ್ಯಾನ್ಸರ್ ಎಂದೇ ಇತ್ತು. ಮಾರನೆಯ ದಿನ ಮಧ್ಯಾಹ್ನ ಯಾರೋ ಅದನ್ನು ತೆರೆದು, ಆ ಭಾಗ ಅಳಿಸಿ, ಸಾಮಾನ್ಯ ಹುಣ್ಣು, ಹೆದರುವಂಥದ್ದಿಲ್ಲ ಎಂಬರ್ಥದ ಸಾಲುಗಳನ್ನು ಹಾಕಿದ್ದರು. ಬದಲಿಸಿದ ಹೆಸರು ರೆಹಾನಾ. ಕಂಪ್ಯೂಟರ್ ಹರಿಹರದ್ದು. ನಾನು ಲಾಗ್ ನೋಡುವ ಹೊತ್ತಿಗೆ ಅವನು ಪ್ರಿಂಟ್ ತೆಗೆದುಕೊಂಡು ಹೋಗಿಯಾಗಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಲೋಡ್ ತಗೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದು ಮನೆಯವರು ಹೇಳಿದರು.

ಗಿರಿಜಮ್ಮ ಅವತ್ತೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೋದರು. ರೆಹಾನಾ ಗಾಜುಗಳನ್ನು ಒರೆಸಿ ಟ್ರೇಯಲ್ಲಿ ಜೋಡಿಸುತ್ತಿದ್ದಳು. ಗಿರಿಜಮ್ಮ ನನ್ನಿಂದ ಲಾಗಿನ ಪ್ರಿಂಟ್ ಇಸಿದುಕೊಂಡು ಅವಳ ಮುಂದಿಟ್ಟರು.

"ಇದು ನಿನ್ನ ಹೆಸರೇ ತಾನೆ?"

ಅವಳು ಓದಿದಳು. "ಹೆಸರು ನಂದೇ ಐತ್ರಿ ಮೇಡಂ. ನಾನು ಮಾಡಿಲ್ಲ."

"ಮತ್ಯಾರು ಮಾಡಿದ್ರು? ನಿನ್ನ ಕಂಪ್ಯೂಟರ್ ಮುಂದೆ ನೀನಲ್ದೆ ಇನ್ಯಾರು ಕೂಡ್ತಾರೆ?"

ರೆಹಾನಾ ಬಾಯಿ ತೆರೆದಳು. ಆಮೇಲೆ ಗಿರಿಜಮ್ಮನ ಮುಖ ನೋಡಿ ಮುಚ್ಚಿಕೊಂಡಳು. ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು. "ನಂಗೆ ಗೊತ್ತಿಲ್ರಿ" ಎಂದಷ್ಟೇ ಹೇಳಿ, ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ನನ್ನ ಕಡೆ ತಿರುಗಿ, "ಅಕ್ಕಾ, ಇಷ್ಟು ದಿನ ನನ್ನ ಹಿಂದೆ ನಿಂತು ನೋಡ್ತಿದ್ರೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ಕೊಡೆ ಮರೆತು ಮಳೆಯಲ್ಲೇ ಹೋದಳು.

ಸಂಜೆ ವಿಷಯ ಕೇಳಿದ ಡಾಕ್ಟರು, "ರೆಹಾನಾ ಹಂಗೆ ಮಾಡೋಳಲ್ಲ. ನೋಡ್ರಿ, ಇನ್ನೊಂದ್ಸಲ ನೋಡ್ರಿ" ಎಂದು ನನಗೆ ಎರಡು ಸಲ ಹೇಳಿದರು. ಅವಳ ಹೆಸರಿನಲ್ಲಿ ಸರ್ವರಿನೊಳಗೆ ಹೋಗುವ ದಾರಿಯನ್ನು, ಅಂದರೆ ಅವಳ ಲಾಗಿನ್ ಅನ್ನು, ನಾನು ಮುಚ್ಚಿದೆ. ಹರಿಹರದ ಟೈಪಿಂಗ್ ಕೆಲಸವನ್ನು ಡಾಕ್ಟರೇ ಮಾಡಿಕೊಳ್ಳತೊಡಗಿದರು. ಲಾಗಿನಲ್ಲಿ ಏನೂ ಕಾಣಲಿಲ್ಲ. ಗಿರಿಜಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ನನಗೆ ನೆಮ್ಮದಿಯಾಗಲಿಲ್ಲ. ಅವಳು ಬಾಯಿ ತೆರೆದು ಮುಚ್ಚಿದ್ದು ಕಣ್ಣ ಮುಂದೆ ಬರುತ್ತಿತ್ತು. ಒಂದು ದಿನ ಯಾರು ಮಾಡಿದರು ಎಂದು ನೋಡುವುದನ್ನು ಬಿಟ್ಟೆ. ಎತ್ತಿಟ್ಟ ಹಳೆಯ ಪ್ರತಿಗಳನ್ನೂ ಈಗಿನ ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು, ಕೊಟ್ಟ ಮೇಲೆ ಯಾವ ವರದಿ ಬದಲಾಗಿದೆ ಎಂದಷ್ಟೇ ಹುಡುಕಿದೆ. ಸಿಗತೊಡಗಿದವು. ರೆಹಾನಾಳನ್ನು ಕಳಿಸಿದ ಮೇಲೆ ಬದಲಾದವೂ ಇದ್ದವು. ಒಂದರಲ್ಲಿ ಗಂಡಸಿನ ಹೆಸರಿನ ಕೆಳಗೆ ಗರ್ಭಕೋಶದ ವಿವರ ಇತ್ತು. ಅಂಥ ವಿವರ ಯಾವ ಹೆಂಗಸಿನದು ಎಂದು ನೋಡಿದರೆ, ಆ ವರದಿ ಬದಲಾದ ದಿನವೇ ಬೆಳಿಗ್ಗೆ ನೋಡಿದ ಗಾಜಿನದು. ಉಳಿದವನ್ನೂ ಹಾಗೇ ಹೊಂದಿಸಿ ನೋಡಿದೆ. ಎಲ್ಲದರಲ್ಲೂ ಅದೇ. ಇವತ್ತು ನೋಡಿದ ಗಾಜಿನ ಮಾತು ನಿನ್ನೆಯದೋ ಮೊನ್ನೆಯದೋ ಹೆಸರಿನ ಕೆಳಗೆ ಹೋಗಿ ಕೂತಿತ್ತು. ಕೇಡು ಮಾಡಬೇಕೆಂದವರು ಹೀಗೆ ಮಾಡುವುದಿಲ್ಲ. ಇದು ಯಾರೋ ಶ್ರದ್ಧೆಯಿಂದ ತಮ್ಮ ಕೆಲಸ ಮಾಡುತ್ತ, ಯಾವ ದಿನದಲ್ಲಿದ್ದೇವೆ ಎನ್ನುವುದನ್ನು ಮಾತ್ರ ಕಳೆದುಕೊಂಡ ಹಾಗಿತ್ತು. ಬಿಟ್ಟಿದ್ದ ಡಾಕ್ಟರ ಹೆಸರನ್ನು ಲಾಗಿನಲ್ಲಿ ಮತ್ತೆ ಸೇರಿಸಿದೆ. ದಾವಣಗೆರೆಯಲ್ಲಿ ಬದಲಾದ ಎಲ್ಲಕ್ಕೂ, ರೆಹಾನಾ ಹೋದ ಮೇಲೆ ಹರಿಹರದಲ್ಲಿ ಬದಲಾದವಕ್ಕೂ ಅವರದೇ ಹೆಸರು ಬಂತು.

ಗಿರಿಜಮ್ಮ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೇ ಸಾಲಿಗೆ ಜೋಡಿಸಿದರು.

"ಅವರ ಹೆಸರು ಬಿಟ್ಟು ನೋಡು ಅಂದಿದ್ದೆನಲ್ಲ."

"ಅಂದಿದ್ರಿ ಅಮ್ಮಾರೆ."

ಗಿರಿಜಮ್ಮ ಸಾಲಿನಿಂದ ಒಂದು ಪೆನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ಹೋದ ದೀಪಾವಳಿ ಟೈಮಲ್ಲಿ ಸಾಹೇಬ್ರು ಕಾರು ತಗೊಂಡು ಹೋದೋರು ನಾವು ಮುಂಚೆ ಬಾಡಿಗೆಗಿದ್ದ ಮನೆ ಗೇಟಿನ ಮುಂದೆ ನಿಂತು ಹಾರ್ನ್ ಹೊಡೀತಿದ್ರಂತೆ. ಬಾಗಿಲು ತೆಗೀಲಿಲ್ಲ ಅಂತ ಅಲ್ಲಿಯೋರ ಮೇಲೆ ರೇಗಿದ್ರಂತೆ. ಸುಸ್ತಾಗೈತೆ ಅಂದ್ಕಂಡೆ ನಾನು." ಆಮೇಲೆ ದನಿ ಬದಲಾಯಿತು. "ಅದನ್ನ ಆಫ್ ಮಾಡಿಬಿಡು. ಲಾಗು ಗೀಗು ಏನೂ ಬ್ಯಾಡ."

"ಆಫ್ ಮಾಡಿದ್ರೆ ನಮ್ಗೆ ಕಾಣಲ್ಲ ಅಷ್ಟೇ ಅಮ್ಮಾರೆ. ನಿಲ್ಲಲ್ಲ ಅದು."

"ಈ ಲ್ಯಾಬು ಅವರ ಹೆಸರಿನ ಮೇಲೆ ನಿಂತೈತೆ ವಾಣಿ. ಊರಾಗೆ ಗೊತ್ತಾದ್ರೆ ಇಷ್ಟು ವರ್ಷ ಅವರು ಬರೆದಿದ್ದನ್ನೆಲ್ಲ ಜನ ಹಿಡ್ಕಂಡು ಬರ್ತಾರೆ."

ಆ ಮಾತು ನನಗೂ ಹೊಳೆದಿರಲಿಲ್ಲ. ಲಾಗ್ ಹಾಕಿದ್ದು ಹಾಲಮ್ಮನ ನಂತರ. ಅದಕ್ಕೆ ಮುಂಚಿನದು ಏನು, ಯಾವಾಗಿನಿಂದ, ಯಾರ ಹೆಸರಿನ ಕೆಳಗೆ? ಅದನ್ನು ಹೇಳಲು ಸರ್ವರಿನಲ್ಲಿ ಏನೂ ಇರಲಿಲ್ಲ. ಕೊನೆಗೆ ಅವರು, "ನಂಗೆ ಹೇಳಾಕಾಗಲ್ಲ. ನೀನೇ ಹೇಳು ಅವರಿಗೆ" ಎಂದರು.

ಮಾರನೆಯ ದಿನ ಡಾಕ್ಟರು ಹರಿಹರದಲ್ಲಿದ್ದರು. ಬಸ್ಸಿನಲ್ಲಿ ಹೋದೆ. ಮಳೆಗೆ ಮಧ್ಯಾಹ್ನವೇ ಕತ್ತಲಾದ ಹಾಗಿತ್ತು, ಶಾಖೆಯಲ್ಲಿ ದೀಪ ಹಾಕಿದ್ದರು. ಹೊಳೆ ಸ್ನಾನಘಟ್ಟದ ಮೆಟ್ಟಿಲುಗಳ ಮೇಲಿನವರೆಗೂ ಬಂದಿತ್ತು. ಆ ವಾಸನೆ, ಚೂರುಗಳು ಕೊಳೆಯದಂತೆ ಹಾಕಿಡುವ ಫಾರ್ಮಲಿನ್ ವಾಸನೆಯ ಜೊತೆ ಬೆರೆತು ಕೋಣೆ ತುಂಬಿತ್ತು.

"ಬರ್ರಿ ವಾಣಿ, ಕೂಡ್ರಿ. ರೆಹಾನಾ ಎಲ್ಲಿ? ಊಟಕ್ಕೆ ಹೋದೋಳು ಇನ್ನೂ ಬಂದಿಲ್ಲ."

ಅವಳು ಹೋಗಿ ಆಗಲೇ ವಾರಗಳಾಗಿದ್ದವು. ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವರು ಮೈಕ್ರೋಸ್ಕೋಪ್ ಬಿಟ್ಟು ಕಂಪ್ಯೂಟರ್ ಕಡೆ ತಿರುಗಿದರು. ಒಂದು ಫೈಲ್ ತೆರೆದರು. ಅದು ಹಿಂದಿನ ದಿನ ಮುಗಿಸಿ ಕೊಟ್ಟ ವರದಿ. ಓದಿದರು. ಹುಬ್ಬು ಗಂಟಿಕ್ಕಿತು. "ಯಾರೋ ಏನೇನೋ ಟೈಪ್ ಮಾಡಿ ಇಟ್ಟಾರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಆ ಸಾಲುಗಳನ್ನು ಅಳಿಸಿದರು. ಆಗಷ್ಟೇ ಗಾಜಿನಲ್ಲಿ ಕಂಡದ್ದನ್ನು ನಿಧಾನವಾಗಿ, ಒಂದು ಕಾಗುಣಿತವೂ ತಪ್ಪದ ಹಾಗೆ ಬರೆದರು. ಉಳಿಸಿದರು. ಮುಖದಲ್ಲಿ ಕೆಲಸ ಮುಗಿದ ಸಮಾಧಾನವಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ.

"ಸರ್, ಒಂದು ನಿಮಿಷ ಇದನ್ನ ನೋಡ್ತೀರಾ?"

ಹಾಳೆಗಳನ್ನು ಕೊಟ್ಟೆ. ಹಳೆಯ ಪ್ರತಿ, ಹೊಸ ಪ್ರತಿ, ಹೆಸರು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಗಾಜು ನೋಡುವ ಅದೇ ತಾಳ್ಮೆಯಲ್ಲಿ ಒಂದೊಂದನ್ನೂ ನೋಡಿದರು. ಕೆಲವನ್ನು ತಿರುಗಿ ನೋಡಿದರು. ಈಗ ತಾವೇ ಬದಲಿಸಿದ ಫೈಲನ್ನು ನನ್ನಿಂದ ತೆರೆಸಿ, ಮುಂಚಿನ ಪ್ರತಿ ತೋರಿಸಿ ಎಂದು ಕೇಳಿದರು. ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಎರಡನ್ನೂ ಓದಿದರು.

"ಇದನ್ನ ಈಗ ನಾನು ಮಾಡಿದ್ನೇನ್ರಿ?"

"ಹೌದು ಸರ್."

"ನೀವು ಇಲ್ಲೇ ಇದ್ರಾ?"

"ಇದ್ದೆ ಸರ್."

ಅವರು ಹಾಳೆಗಳನ್ನು ತಟ್ಟಿ ಒಂದೇ ಸಮ ಮಾಡಿದರು. "ಬೇರೆ ಯಾರದೋ ಅಂತ ಇದನ್ನ ತಂದು ತೋರ್ಸಿದ್ರೆ ಯಾವ ಕಾಯಿಲೆ ಅಂತ ಬರೀತಿದ್ದೆ ಅನ್ನೋದು ನಂಗೆ ಗೊತ್ತೈತೆ" ಎಂದರು. ರೆಹಾನಾಳ ಹೆಸರಿದ್ದ ಹಾಳೆಯನ್ನು ಮೇಲೆ ತೆಗೆದು, "ಆ ಹುಡುಗಿ ಕಡೆ ಏನೂ ಕೇಳ್ಲೇ ಇಲ್ವಾ ನೀವು?" ಎಂದರು. ಮತ್ತೆ, "ನನ್ನ ಹೆಸರು ತೆಗೀರಿ ಸರ್ವರಿನಿಂದ. ಈಗ್ಲೇ ತೆಗೀರಿ. ನಾಳೆ ಬೆಳಿಗ್ಗೆ ನಾನು ಬ್ಯಾಡ ಅಂದ್ರೂ ಕೇಳಬ್ಯಾಡ್ರಿ."

ಅವರ ಎದುರಿಗೇ ಕೂತು ಅವರ ಲಾಗಿನ್ ಮುಚ್ಚಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಅವರು ಅದನ್ನೂ ಗಮನವಿಟ್ಟು ನೋಡಿದರು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ರೆಹಾನಾಳ ಮನೆಗೆ ಗಿರಿಜಮ್ಮ ತಾವೇ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಅವಳು ಕುರ್ಚಿ ಹಾಕಿ ನೀರು ಕೊಟ್ಟಳು. "ಸರ್ ನನ್ನ ಕಂಪ್ಯೂಟರ್ ಹತ್ರ ಕೂಡಾಕೆ ಬಂದ್ರೆ, ನನ್ನ ಹೆಸರಲ್ಲೇ ತೆರೆದಿದ್ದನ್ನ ಹಂಗೇ ಬಿಟ್ಟು ನಾನು ಎದ್ದು ಹೊರಗೆ ನಿಂತ್ಕಂತಿದ್ದೆ. ಏನು ಬರೀತಾರೆ ಅಂತ ನೋಡಾಕೆ ನಾನ್ಯಾರು?" ಎಂದಳು. ಅವತ್ತು ಯಾಕೆ ಹೇಳಲಿಲ್ಲ ಎಂದು ಗಿರಿಜಮ್ಮ ಕೇಳಿದರು. "ನಿಮ್ಮ ಮುಂದೆ ಹೆಂಗೆ ಹೇಳ್ಲಿ ಮೇಡಂ? ನೀವು ಅವರ ಮನೆಯೋರು." ಕೆಲಸಕ್ಕೆ ವಾಪಸ್ ಬಂದಳು. ನನ್ನ ಜೊತೆ ಮಾತು ಮೊದಲಿನ ಹಾಗಾಗಲು ಆ ಮಳೆಗಾಲ ಸಾಲಲಿಲ್ಲ.

ಹುಬ್ಬಳ್ಳಿಯಿಂದ ಇಬ್ಬರು ಡಾಕ್ಟರು ಬಂದು ಹಳೆಯ ಗಾಜುಗಳನ್ನೆಲ್ಲ ಮತ್ತೆ ನೋಡಲು ಕೂತರು. ಗಿರಿಜಮ್ಮನೇ ಕರೆಸಿದ್ದು. ಗೊತ್ತಾದ ಮೇಲೆ ಬಾಗಿಲು ಮುಚ್ಚಿ ಕೂರುವ ಹೆಂಗಸಲ್ಲ ಅವರು. ಗಾಜು ಸುಳ್ಳು ಹೇಳುವುದಿಲ್ಲ, ಆದರೆ ಆ ಗಾಜಿನ ಜನ ಎಲ್ಲೆಲ್ಲಿದ್ದಾರೋ ಹುಡುಕಬೇಕಿತ್ತು. ರೆಹಾನಾ ಮತ್ತು ನಾನು ದಿನವಿಡೀ ಫೋನ್ ಮಾಡುತ್ತಿದ್ದೆವು. ಕೆಲವರು ಬಂದರು, ಬೈದರು, ಅತ್ತರು. ಕೆಲವು ನಂಬರುಗಳು ಬದಲಾಗಿದ್ದವು. ಒಂದು ಮನೆಯಲ್ಲಿ ಫೋನ್ ಎತ್ತಿದವರು, "ಅವರು ಹೋಗಿ ಆರು ತಿಂಗಳಾತಲ್ರಿ, ಯಾಕ್ರಿ?" ಎಂದರು. ರೆಹಾನಾ ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಗಾಜನ್ನು ಮತ್ತೆ ನೋಡಿದಾಗ ವರದಿ ಸರಿಯಾಗಿಯೇ ಇತ್ತು. ಆದರೆ ನೋಡುವವರೆಗಿನ ಆ ಎರಡು ದಿನ ನಾವಿಬ್ಬರೂ ಊಟ ಮಾಡಲಿಲ್ಲ. ಲಾರಿ ಡ್ರೈವರ್ ಊರಿಗೆ ಬಂದ ದಿನವೇ ಅವನನ್ನು ಆಸ್ಪತ್ರೆಗೆ ಸೇರಿಸಿದರು. ದವಡೆಯ ಒಂದು ಭಾಗ ಹೋಯಿತು. ಬದುಕಿದ. ತಿಂಗಳುಗಟ್ಟಲೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯವರು ಹೇಳಿದರು. ತಿಂಗಳುಗಟ್ಟಲೆ ತಡವಾದವರು ಬೇರೆ ಯಾರಾದರೂ ಇದ್ದರೇ ಎನ್ನುವುದು, ಸಿಗದ ನಂಬರುಗಳ ಹಿಂದೆ, ಇವತ್ತಿಗೂ ನನಗೆ ಗೊತ್ತಿಲ್ಲ.

ಡಾಕ್ಟರು ಲ್ಯಾಬಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಮನೆಯಲ್ಲಿ ಕೂರಿಸಿದರೆ ಒದ್ದಾಡುತ್ತಿದ್ದರು. ಹಾಗಾಗಿ ಗಿರಿಜಮ್ಮ ದಿನಾ ಬೆಳಿಗ್ಗೆ ಕರೆತಂದು ಅವರ ಕೋಣೆಯಲ್ಲಿ ಕೂರಿಸುತ್ತಿದ್ದರು. ಬೇರೆ ಕೆಲಸಕ್ಕೆ ಬಾರದ ಒಂದಷ್ಟು ಗಾಜು ಮುಂದಿಡುತ್ತಿದ್ದರು. ಮೈಕ್ರೋಸ್ಕೋಪಿನ ದೀಪ ಉರಿಯುತ್ತಿರುತ್ತಿತ್ತು. ಅವರು ಕಂಪ್ಯೂಟರ್ ಹಚ್ಚಿ, ಒಳಗೆ ಹೋಗಲು ನೋಡುತ್ತಿದ್ದರು. ಹೆಸರು ತೆಗೆಸಿದ್ದು ತಾವೇ ಎನ್ನುವುದು ಅವರಿಗೆ ನೆನಪಿರಲಿಲ್ಲ. ಯಾರನ್ನೂ ಕೇಳುತ್ತಲೂ ಇರಲಿಲ್ಲ. ಒಂದೆರಡು ಸಲ ಪ್ರಯತ್ನಿಸಿ, ಸುಮ್ಮನೆ ಗಾಜಿನ ಕಡೆ ತಿರುಗುತ್ತಿದ್ದರು. ನನಗೆ ಇದೆಲ್ಲ ಗೊತ್ತಾಗುತ್ತಿದ್ದುದು ಲಾಗಿನಿಂದ. ಯಾರು ಒಳಗೆ ಬಂದರು ಎಂದಷ್ಟೇ ಅಲ್ಲ, ಬರಲು ನೋಡಿ ಬರಲಾಗದವರನ್ನೂ ಅದು ಬರೆದಿಡುತ್ತದೆ. ದಿನಾ ಬೆಳಿಗ್ಗೆ ಮೊದಲ ಸಾಲು ಅವರದೇ.

ಮಳೆ ನಿಂತು, ಚಳಿ ಶುರುವಾಗುವವರೆಗೂ ಹೆಸರು ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಒಂದು ದಿನ ಚಂದ್ರಶೇಖರಪ್ಪ ಎನ್ನುವುದರಲ್ಲಿ ಒಂದು ಅಕ್ಷರ ತಪ್ಪಿತ್ತು. ಬೆರಳು ಜಾರಿರಬೇಕು ಎಂದುಕೊಂಡೆ. ಮರುದಿನವೂ ಅದೇ ತಪ್ಪು ಬಂತು. ಕೆಲವು ವಾರಗಳಲ್ಲಿ ಹೆಸರಿನ ಕೊನೆ ಹೋಯಿತು, ಚಂದ್ರಶೇಖರ ಎಂದಷ್ಟೇ ಉಳಿಯಿತು. ಆಮೇಲೆ ಚಂದ್ರ. ಮನೆಯಲ್ಲಿ ಚಿಕ್ಕಂದಿನಲ್ಲಿ ಅವರನ್ನು ಹಾಗೇ ಕರೆಯುತ್ತಿದ್ದರಂತೆ, ಗಿರಿಜಮ್ಮ ಹೇಳಿದರು. ಯಾಕೆ ಕೇಳಿದೆ ಎಂದು ನಾನು ಅವರಿಗೆ ಹೇಳಲಿಲ್ಲ.

ಆ ಕೆಲಸ ಬಿಡುವ ಮುಂಚಿನ ವಾರ ಎಂದಿನಂತೆ ಲಾಗ್ ತೆರೆದೆ. ಮೊದಲ ಸಾಲು ಡಾಕ್ಟರ ಕೋಣೆಯ ಕಂಪ್ಯೂಟರಿನದೇ. ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ. ಯಾರೋ ಬರೀ ಎಂಟರ್ ಒತ್ತಿದ್ದರು. ಕೆಳಗಿನ ಸಾಲಿನಲ್ಲೂ ಅಷ್ಟೇ, ಅದರ ಕೆಳಗೂ ಅಷ್ಟೇ. ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಕೈಗಳನ್ನು ಕೀಬೋರ್ಡಿನ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, "ಬರ್ರಿ, ಕೂಡ್ರಿ" ಎಂದರು. "ಇದು ಏನೋ ಕೇಳ್ತೈತೆ ನೋಡ್ರಿ."